ಅತ್ತೆಯನ್ನು ಮುಗಿಸಿದ ಕತೆ

"ಇನ್ನು ಮೇಲೆ ನನ್ನ ಬಾಯಿಂದ ಒಂದೇ ಒಂದು ಸುಳ್ಳು ಹೊರಡೋದಿಲ್ಲ! ಆಟ ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ, ಕೆಟ್ಟದಾಗಿದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ. ಯಾರ ಮುಲಾಜೂ ಇಲ್ಲ!"

ನಮ್ಮ ದಂತಶಿಲ್ಪಿ ಕನ್ನಡಿಯ ಮುಂದೆ ನಿಂತು, ಪೇಸ್ಟಿನ ನೊರೆ ತುಂಬಿದ ಬಾಯಲ್ಲೇ ಈ ಘೋರ ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ. ಅರ್ಧ ಪ್ರತಿಜ್ಞೆ ಕನ್ನಡಿಯ ಮೇಲೇ ಬಿತ್ತು.

"ಮೊದಲು ಕನ್ನಡಿ ಒರೆಸಿ, ಆಮೇಲೆ ಲೋಕ ತಿದ್ದೀರಂತೆ," ಎಂದಳು ಹೆಂಡತಿ.

ದಂತಶಿಲ್ಪಿ ಎಂಬುದು ಅವನಿಗೆ ಅವನೇ ಕೊಟ್ಟುಕೊಂಡ ಬಿರುದು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುವುದು ಅವನ ಕಸುಬು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಸಾಲಾಗಿ ನಿಲ್ಲಿಸುತ್ತಿದ್ದ. "ಈ ಊರಲ್ಲಿ ಅರ್ಧ ಜನ ನಗೋದು ನನ್ನ ಕೃಪೆಯಿಂದ!" ಎಂದು ಎದೆಯುಬ್ಬಿಸುತ್ತಿದ್ದ. ಸಂಜೆ ಮನೆಗೆ ಬಂದರೆ ಟಿವಿಯ ಮುಂದೆ ವಿಡಿಯೋ ಗೇಮ್. ವಾರಕ್ಕೊಮ್ಮೆ, ಇತ್ತೀಚೆಗೆ ಆಡಿದ ಆಟಗಳ ಬಗ್ಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಆಟಗಾರ ಗೆಳೆಯರ ಗ್ರೂಪಿಗೆ ಕಳಿಸುತ್ತಿದ್ದ. ಅದಕ್ಕೆ "ಮುಲಾಜಿಲ್ಲದ ಮಾತು" ಎಂದು ಹೆಸರು ಬೇರೆ ಇಟ್ಟಿದ್ದ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಕ್ಲಿನಿಕ್ಕಿನಲ್ಲಿ ಇವನ ಜೊತೆ ಕೆಲಸ ಮಾಡುವವನಿಗೂ ಇದೇ ಹುಚ್ಚು. ಸದಾ ಮೇಣ ಕರಗಿಸುತ್ತಾ ಕೂರುವುದರಿಂದ ಅವನನ್ನು ಎಲ್ಲರೂ ಮೇಣ ಎಂದೇ ಕರೆಯುತ್ತಿದ್ದರು. ಒಂದು ದಿನ ದಂತಶಿಲ್ಪಿ ಕೆಲಸದ ನಡುವೆ, "ನಿನ್ನೆ ಒಂದೇ ಏಟಿಗೆ ಮೂವರ ತಲೆ ಹಾರಿಸಿದೆ ಕಣೋ!" ಎಂದ. ಈಚೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಬಾಯಿ ಮುಚ್ಚುವುದನ್ನೂ ಮರೆತು, ಹತ್ತಿಯ ಸಮೇತ ರಸ್ತೆಗೆ ಓಡಿದ. ಅಂದಿನಿಂದ ಡಾಕ್ಟರು ಆಟದ ಮಾತನ್ನೇ ನಿಷೇಧಿಸಿಬಿಟ್ಟರು.

ಆದರೆ ಬಾಯಿ ಸುಮ್ಮನಿರಬೇಕಲ್ಲ! ಇಬ್ಬರೂ ಸೇರಿ ಆಟಗಳಿಗೆಲ್ಲ ಬಂಧುಬಳಗದ ಹೆಸರಿಟ್ಟರು. ರಾಜ್ಯ ಕಟ್ಟುವ ದೊಡ್ಡ ಆಟ 'ದೊಡ್ಡಪ್ಪ' ಆಯಿತು. ಕಾರು ಓಡಿಸುವ ಆಟ 'ಭಾವ' ಆಯಿತು. ಹಳೇ ಬಂಗಲೆಯೊಂದರ ಹನ್ನೆರಡು ಬಾಗಿಲಿಗೂ ಬೀಗ ಜಡಿದು, ಸೊಂಟದಲ್ಲಿ ಬೀಗದ ಕೈ ಗೊಂಚಲು ಕುಣಿಸುತ್ತಾ, ಪ್ರತಿ ಬಾಗಿಲಲ್ಲೂ ಅಡ್ಡ ನಿಲ್ಲುವ ಮುದುಕಿಯ ಆಟಕ್ಕೆ 'ಅತ್ತೆ' ಎನ್ನದೆ ಇನ್ನೇನೆನ್ನಬೇಕು? ಡಾಕ್ಟರಿಗೆ ಅನುಮಾನ ಬಾರದಿರಲೆಂದು ಗ್ರೂಪಿಗೂ "ನಮ್ಮೋರು" ಎಂದು ಹೆಸರಿಟ್ಟರು. "ನಿನ್ನೆ ಸಂಜೆ ಭಾವನ ಜೊತೆ ಎರಡು ಗಂಟೆ ಕಳೆದೆ," ಎಂದು ಇವನು ಹೇಳಿದರೆ, "ಎಂಥ ಸಂಸಾರಸ್ಥರಪ್ಪಾ!" ಎಂದು ಹೊರಗೆ ಕಾಯುವ ರೋಗಿಗಳು ಕರಗಿಹೋಗುತ್ತಿದ್ದರು.

ಇನ್ನು ನಿಜವಾದ ಅತ್ತೆ, ಅಂದರೆ ಹೆಂಡತಿಯ ತಾಯಿ, ಎರಡು ತಿಂಗಳಿಂದ ಇವರ ಮನೆಯಲ್ಲೇ ಇದ್ದರು. ಉಳಿದಿದ್ದ ನಾಲ್ಕು ಹಲ್ಲನ್ನೂ ತೆಗೆಸಿಕೊಂಡು, ಒಸಡು ಮಾಯುವುದನ್ನು ಕಾಯುತ್ತಿದ್ದರು. "ಬೇರೆಯವರ ಕೈಗೆ ನಮ್ಮತ್ತೆ ಬಾಯಿ ಒಪ್ಪಿಸ್ತೀನಾ? ನಾನೇ ಮಾಡ್ತೀನಿ!" ಎಂದು ದಂತಶಿಲ್ಪಿ ಘೋಷಿಸಿದ್ದ. ಅತ್ತೆಗೋ ಬೊಚ್ಚುಬಾಯಲ್ಲಿ ಮಾತಾಡಲು ನಾಚಿಕೆ. ಕರವಸ್ತ್ರ ಬಾಯಿಗೆ ಅಡ್ಡ ಹಿಡಿದುಕೊಂಡು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರು ಇನ್ನು ಮುಂದೆ ಇಲ್ಲೇ ಇರಬೇಕು ಎಂಬುದು ಹೆಂಡತಿಯ ಮೂರು ವರ್ಷದ ಆಸೆ. "ಇರ್ತೀಯೇನಮ್ಮಾ?" ಎಂದು ಕೇಳಿ ಕೇಳಿ ಸುಸ್ತಾದ ಮೇಲೆ, ಅತ್ತೆ ಕರವಸ್ತ್ರದ ಹಿಂದಿನಿಂದ ಒಂದೇ ಮಾತು ಹೇಳಿದ್ದರು: ಹಲ್ಲು ಬರಲಿ, ಆಗ ಹೇಳುತ್ತೇನೆ.

ಹೆಂಡತಿ ಅಂದಿನಿಂದ ಗಂಡನ ಮುಂದೆ ಬೆರಳು ಆಡಿಸುತ್ತಿದ್ದಳು. "ನೋಡಿ, ಈ ಒಂದು ವಾರ ನೆಟ್ಟಗಿರಿ. ಅಮ್ಮ ಹೋಗ್ತೀನಿ ಅಂದ್ರೆ ನಿಮ್ಮನ್ನೂ ಜೊತೆಗೆ ಕಳಿಸ್ತೀನಿ!"

ನೆಟ್ಟಗಿರುವುದೇನು ಮಹಾ ಎಂದುಕೊಂಡು, ಪ್ರತಿಜ್ಞೆ ಮಾಡಿದ ಆ ಸೋಮವಾರವೇ, ಮಧ್ಯಾಹ್ನದ ಬಿಡುವಿನಲ್ಲಿ ದಂತಶಿಲ್ಪಿ ಫೋನ್ ಎತ್ತಿದ. ಗಂಟಲು ಸರಿಮಾಡಿಕೊಂಡ.

"ಮುಲಾಜಿಲ್ಲದ ಮಾತು! ಈ ತಿಂಗಳು ಮೂವರನ್ನು ಚೆನ್ನಾಗಿ ವಿಚಾರಿಸಿಕೊಂಡೆ. ಮೊದಲು ದೊಡ್ಡಪ್ಪ. ಜಾಗವೆಲ್ಲ ಅವನೇ ತಿಂದು ಕೂತಿದ್ದಾನೆ. ಶುರುವಾಗೋಕೇ ಹತ್ತು ನಿಮಿಷ ಬೇಕು, ನಡುವೆ ಇದ್ದಕ್ಕಿದ್ದ ಹಾಗೆ ನಿಂತುಹೋಗ್ತಾನೆ. ಹತ್ತಕ್ಕೆ ಐದು. ಇನ್ನು ಭಾವ. ಓಟ ಜೋರು, ತಲೆಗೆ ಕೆಲಸ ಇಲ್ಲ. ಎರಡೇ ದಿನಕ್ಕೆ ಬೇಜಾರು ಬರಿಸ್ತಾನೆ. ಹತ್ತಕ್ಕೆ ಆರು. ಕೊನೆಗೆ ಅತ್ತೆ! ಹೊರಗಿಂದ ನೋಡೋಕೆ ಭರ್ಜರಿ, ಒಳಗೆ ಏನೂ ಇಲ್ಲ. ಹೇಳಿದ್ದನ್ನೇ ಹೇಳ್ತಾಳೆ. ಬಾಯಿ ಮುಚ್ಚಿಸೋಕೆ ಒಂದು ಗುಂಡಿಯಾದ್ರೂ ಬೇಡವೇ? ಆದ್ರೂ ನಾನು ಬಿಟ್ಟವನಲ್ಲ. ಹದಿನಾಲ್ಕು ಗಂಟೆ ಹೋರಾಡಿ ಅತ್ತೆಯನ್ನ ಪೂರ್ತಿ ಮುಗಿಸಿದೆ! ಹತ್ತಕ್ಕೆ ಮೂರು. ಪುಕ್ಕಟೆ ಕೊಟ್ರೂ ಮನೆಗೆ ತರಬೇಡಿ!"

ಇದರಲ್ಲಿ ಒಂದು ಸಣ್ಣ ಸುಳ್ಳಿತ್ತು. ಅತ್ತೆಯನ್ನು ಇವನು ಮುಗಿಸಿರಲಿಲ್ಲ. ಏಳನೇ ಬಾಗಿಲಲ್ಲಿ ಮೂರು ವಾರ ತಲೆ ಚಚ್ಚಿಕೊಂಡು, ಮುದುಕಿಯ ಕೈಲಿ ಅರವತ್ತು ಸಲ ಹೊರದಬ್ಬಿಸಿಕೊಂಡು, ಕೈಬಿಟ್ಟಿದ್ದ. ಆದರೆ ಅದು ಟಿವಿಗೂ ಅವನಿಗೂ ಬಿಟ್ಟರೆ ಯಾರಿಗೆ ಗೊತ್ತು?

ಕಳಿಸಿದ. ಪ್ಲಾಸ್ಟರ್ ಮೆತ್ತಿದ ಹೆಬ್ಬೆರಳು ಒಂದು ಸಾಲು ಮೇಲೆ ಬಿತ್ತು. ಸಂದೇಶ "ನಮ್ಮೋರು" ಗ್ರೂಪಿಗೆ ಹೋಗಲಿಲ್ಲ. ಹೆಂಡತಿಯ ಕಡೆಯವರೆಲ್ಲ ಇರುವ "ನಮ್ಮವರು" ಗ್ರೂಪಿಗೆ ಹೋಯಿತು!

ಐದು ನಿಮಿಷದಲ್ಲಿ ಹೆಂಡತಿಯ ದೊಡ್ಡಪ್ಪನಿಂದ ಉತ್ತರ ಬಂತು: "ನನಗೆ ಮಂಡಿ ನೋವಪ್ಪಾ. ಎದ್ದು ಶುರುವಾಗೋಕೆ ಹೊತ್ತಾಗುತ್ತೆ. ಅದಕ್ಕೆ ಐದು ಅಂಕ ಕಡಿಯೋದಾ?" ಹಿಂದೆಯೇ ಹೆಂಡತಿಯ ಅಣ್ಣ, ಅಂದರೆ ಅಸಲಿ ಭಾವ: "ನನಗೆ ತಲೆ ಇಲ್ಲ ಸರಿ, ನಿಮಗೆ ನಾಲಿಗೆ ಮೇಲೆ ಹಿಡಿತ ಇಲ್ವಲ್ಲ!" ಅತ್ತೆಯ ಹೆಸರಿನ ಮುಂದೆ ಮಾತ್ರ, ಕೇಳಿಸಿಕೊಂಡರು ಎಂಬ ಗುರುತು. ಬೇರೇನೂ ಇಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಡಾಕ್ಟರ ಅಕ್ಷರವನ್ನೇ ಓದುವವಳಿಗೆ ಗಂಡನ ಮುಖ ಓದುವುದು ಯಾವ ಲೆಕ್ಕ?

"ರೀ, ನಮ್ಮಮ್ಮನ್ನ ಮುಗಿಸ್ತೀರಾ? ಹದಿನಾಲ್ಕು ಗಂಟೆ ಬೇಕಾಯ್ತಾ ನಿಮಗೆ?"

"ಅಯ್ಯೋ, ಅದು ಆಟದ ಅತ್ತೆ ಕಣೇ!"

"ಓಹೋ, ಅತ್ತೆ ಅಂದ್ರೆ ನಿಮಗೆ ಆಟ!"

"ಹಾಗಲ್ವೇ, ಬಾಯಿ ಮುಚ್ಚಿಸೋ ಗುಂಡಿ ಇಲ್ಲ ಅಂದಿದ್ದು ಆಟ ಆಡೋ ಕಂಟ್ರೋಲರಲ್ಲಿ..."

"ಮುಗಿಸಿದ್ದೂ ಅಲ್ದೆ ಗುಂಡಿ ಬೇರೆ ತೋಡಬೇಕಾ?"

ದಂತಶಿಲ್ಪಿ ನೇರ ಅತ್ತೆಯ ಮುಂದೆ ಹೋಗಿ ಕೈಮುಗಿದ. "ಅತ್ತೆ, ನಾನು ಹೇಳಿದ ಅತ್ತೆ ನೀವಲ್ಲ. ಆ ಅತ್ತೆ ಮುದುಕಿ, ಗಯ್ಯಾಳಿ, ನೀವು... ನೀವು ಅಷ್ಟೊಂದು ಇಲ್ಲ!"

ಹೆಂಡತಿ ಹಣೆ ಚಚ್ಚಿಕೊಂಡಳು. ಅತ್ತೆ ಕರವಸ್ತ್ರವನ್ನು ಬಾಯಿಗೆ ಒತ್ತಿಹಿಡಿದು, ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡೇ ಶಬ್ದ ನುಡಿದರು.

"ಹಲ್ಲು ಬಯ್ಲಿ."

ಬೊಚ್ಚುಬಾಯಲ್ಲಿ 'ಬರ್ಲಿ' ಎಂದದ್ದು 'ಬಯ್ಲಿ' ಎಂದು ಹೊರಟಿತ್ತು, ಅಷ್ಟೆ. ಆದರೆ ತಪ್ಪು ಮಾಡಿದವನ ಕಿವಿಗೆ ಅದು ಶಾಪದ ಹಾಗೆ ಕೇಳಿಸಿತು. ಇವನೇ ಕೈಯಾರೆ ನಾಟಿದ ಇಪ್ಪತ್ತೆಂಟು ಹಲ್ಲೂ ಸಾಲಾಗಿ ನಿಂತು ಇವನನ್ನೇ ಬೈಯುತ್ತವೆ! ಆಮೇಲೆ ಅತ್ತೆ ಹೊರಟುಹೋಗುತ್ತಾರೆ, ಹೆಂಡತಿಯ ಮೂರು ವರ್ಷದ ಆಸೆ ಮಣ್ಣುಪಾಲು.

ಮಂಗಳವಾರ ಹಲ್ಲಿನ ಸೆಟ್ ತಯಾರಾಯಿತು. ಹೊಳೆಯುವ, ಗಟ್ಟಿಮುಟ್ಟಾದ, ಇವನ ಜೀವಮಾನದಲ್ಲೇ ಇಷ್ಟು ಚಂದದ ಸೆಟ್ ಆಗಿರಲಿಲ್ಲ. ದಂತಶಿಲ್ಪಿ ಅದನ್ನು ನೋಡಿ ಬೆವೆತು, ಡಬ್ಬಿಯಲ್ಲಿಟ್ಟು, ಪ್ಲಾಸ್ಟರ್ ಚೀಲದ ಹಿಂದೆ ಬಚ್ಚಿಟ್ಟ.

"ಬಣ್ಣ ಇನ್ನೂ ಹೊಂದಿಲ್ಲ," ಎಂದ ಮನೆಯಲ್ಲಿ. ಬುಧವಾರ, "ಪಾಲಿಶ್ ಬಾಕಿ." ಗುರುವಾರ, "ಕರೆಂಟ್ ಇರಲಿಲ್ಲ." ಸುಳ್ಳೇ ಆಡುವುದಿಲ್ಲ ಎಂದು ಕನ್ನಡಿಯ ಮುಂದೆ ಕೂಗಿದ ಬಾಯಿ ಇದೇ!

ಮೇಣ ಸಲಹೆ ಕೊಟ್ಟ. "ಮೇಲಿನ ಸೆಟ್ ಮಾತ್ರ ಕೊಡೋ. ಕೆಳಗಿಂದು ನಿನ್ನ ಹತ್ರನೇ ಇಟ್ಕೋ. ಅರ್ಧ ಬೈಗುಳ ಉಳಿಯುತ್ತೆ."

ಶುಕ್ರವಾರ ಮಧ್ಯಾಹ್ನ ಮರೆತ ಕನ್ನಡಕ ಒಯ್ಯಲು ದಂತಶಿಲ್ಪಿ ಮನೆಗೆ ಬಂದ. ಅತ್ತೆ ಒಬ್ಬರೇ ಟಿವಿಯ ಮುಂದೆ ಕೂತಿದ್ದರು. ಒಂದು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ನೆನೆಯುವವರೆಗೆ ಕಾದು, ಚಮಚದಲ್ಲಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನುಂಗಿದರು. ಅಳಿಯನನ್ನು ಕಂಡದ್ದೇ ಬಟ್ಟಲು ಬಿಟ್ಟು ಕರವಸ್ತ್ರ ಎಳೆದುಕೊಂಡರು. ಮಡಿಲಲ್ಲಿ ಆಟದ ಕಂಟ್ರೋಲರ್. ಪಾಪ, ಟಿವಿಯ ರಿಮೋಟ್ ಯಾವುದು ಎಂದು ಕೂಡ ಹೇಳಿಕೊಡುವವರಿಲ್ಲ! ದಂತಶಿಲ್ಪಿಗೆ ನಿಜಕ್ಕೂ ನಾಚಿಕೆಯಾಯಿತು. ಬೈಗುಳಕ್ಕೆ ಹೆದರಿ ಹಿರಿಯ ಜೀವವೊಂದನ್ನು ನಾಲ್ಕು ದಿನದಿಂದ ನೆನೆದ ಬಿಸ್ಕತ್ತಿನ ಮೇಲೆ ಇಟ್ಟಿದ್ದೇನಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡ.

"ಅತ್ತೆ, ನಾಳೆ ಬೆಳಿಗ್ಗೆ ಹಲ್ಲು!" ಎಂದ. "ಏನು ಬೇಕಾದ್ರೂ ಬೈಯಿರಿ!"

ಶನಿವಾರ ಡಾಕ್ಟರು ಸೆಟ್ ಕೂರಿಸಿದರು. ಒಂದಿಷ್ಟೂ ಅಲ್ಲಾಡಲಿಲ್ಲ. ಅತ್ತೆ ಕನ್ನಡಿ ನೋಡಿಕೊಂಡರು, ಟಕ್ ಟಕ್ ಎಂದು ಕಚ್ಚಿ ನೋಡಿದರು, ಕರವಸ್ತ್ರ ಮಡಚಿ ಚೀಲದಲ್ಲಿಟ್ಟರು. ಮನೆಗೆ ಬಂದು ಸೋಫಾದ ಮೇಲೆ ಕೂತು, ಫೋನ್ ಎತ್ತಿ, "ನಮ್ಮವರು" ಗ್ರೂಪ್ ತೆರೆದು, ಗಂಟಲು ಸರಿಮಾಡಿಕೊಂಡರು. ದಂತಶಿಲ್ಪಿ ಹಲ್ಲು ಕಚ್ಚಿ ನಿಂತ.

"ಮುಲಾಜಿಲ್ಲದ ಮಾತು!" ಅತ್ತೆಯ ದನಿ ಗಂಟೆ ಹೊಡೆದ ಹಾಗಿತ್ತು. "ಈ ಎರಡು ತಿಂಗಳಲ್ಲಿ ನಾನು ವಿಚಾರಿಸಿಕೊಂಡಿದ್ದು ಇಬ್ಬರನ್ನ. ಮೊದಲು ಅತ್ತೆ. ಹಗಲೆಲ್ಲಾ ಒಬ್ಬಳೇ ಇರ್ತಿದ್ನಲ್ಲ, ಆಡೋಕೆ ಶುರುಮಾಡಿದೆ. ಏಳನೇ ಬಾಗಿಲಲ್ಲಿ ಅವಳು ಹೇಳಿದ್ದನ್ನೇ ಹೇಳೋದು ಯಾಕೆ ಗೊತ್ತಾ? ಬೀಗ ತೆಗೆಯೋ ದಾರಿ ಆ ಮಾತಲ್ಲೇ ಇದೆ. ಕಿವಿಗೊಟ್ಟು ಕೇಳಬೇಕು, ಅಷ್ಟೆ. ಹನ್ನೆರಡನೇ ಬಾಗಿಲಲ್ಲಿ ಅವಳೇ ಸೊಂಟದ ಗೊಂಚಲು ಬಿಚ್ಚಿ ನಮ್ಮ ಕೈಗೆ ಕೊಡ್ತಾಳೆ. ಕಣ್ಣಲ್ಲಿ ನೀರು ಬಂತು ನನಗೆ. ಹತ್ತಕ್ಕೆ ಒಂಬತ್ತು!"

ದಂತಶಿಲ್ಪಿಯ ಕೆಳದವಡೆ ತಾನಾಗಿ ಜೋತುಬಿತ್ತು.

"ಇನ್ನು ನಮ್ಮ ಅಳಿಯಂದಿರು. ನೋಡೋಕೆ ಚೆನ್ನಾಗಿದ್ದಾರೆ. ಅವರು ಬೈದಿದ್ದು ಆಟವನ್ನ ಅಂತ ನನಗೆ ಮೊದಲನೇ ದಿನವೇ ಗೊತ್ತು, ಅದಕ್ಕಲ್ಲ ನನ್ನ ಸಿಟ್ಟು. ಟಿವೀಲಿ ಅವರ ಆಟ ಏಳನೇ ಬಾಗಿಲಲ್ಲೇ ನಿಂತಿತ್ತು, ಅಂಥೋರು ಅತ್ತೆಯನ್ನ ಮುಗಿಸಿದೆ ಅಂತ ಊರಿಗೆಲ್ಲ ಸಾರಿದ್ರಲ್ಲ! ಅತ್ತೆಯನ್ನ ಮುಗಿಸಿದ್ದು ನಾನು! ಅಳಿಯ, ಹತ್ತಕ್ಕೆ ನಾಲ್ಕು. ಆದ್ರೂ ಇಲ್ಲೇ ಇರ್ತೀನಿ. ದೊಡ್ಡಪ್ಪ, ಭಾವ ಇಬ್ಬರೂ ಇನ್ನೂ ಬಾಕಿ ಇದ್ದಾರೆ."

ಹೆಂಡತಿ "ಅಮ್ಮಾ!" ಎಂದು ಓಡಿಹೋಗಿ ತಬ್ಬಿಕೊಂಡಳು. ಆಮೇಲೆ ಗಂಡನ ಮುಖ ನೋಡಿದವಳೇ ಹೊಟ್ಟೆ ಹಿಡಿದು ನಗತೊಡಗಿದಳು.

ದಂತಶಿಲ್ಪಿ ಮಾನ ಹೋದರೂ ಮೀಸೆ ಮಣ್ಣಾಗದಂತೆ ಕೊನೆಯದಾಗಿ ಒಂದು ಪ್ರಯತ್ನ ಮಾಡಿದ. "ಅಳಿಯ ಹೋಗಲಿ ಬಿಡಿ ಅತ್ತೆ. ನಾನು ಮಾಡಿದ ಹಲ್ಲಿಗೆ ಎಷ್ಟು ಕೊಡ್ತೀರಿ?"

ಅತ್ತೆ ಮೇಜಿನ ಮೇಲಿದ್ದ ತಟ್ಟೆಯಿಂದ ಬಿಸ್ಕತ್ತೊಂದನ್ನು ಎತ್ತಿ, ಟೀಗೆ ಅದ್ದದೆ, ಕಟುಂ ಎಂದು ಕಚ್ಚಿದರು.

"ಈಗಲೇ ಹೇಗೆ ಹೇಳಲಿ? ಒಂದು ವರ್ಷ ಅಗಿದು ನೋಡ್ತೀನಿ. ಪೂರ್ತಿ ಮುಗಿಸದೇನೇ ಅಂಕ ಕೊಡೋಕೆ ನಾನೇನು ನೀವಾ?"