ಕೆಂಪಿಗೆ ಹೊಸ ಸ್ಪ್ರಿಂಗು

ಒಬ್ಬ ಮನುಷ್ಯ ಜೋಡಿಸಿದ್ದನ್ನು ಇನ್ನೊಬ್ಬ ಮನುಷ್ಯ ಬಿಚ್ಚಿ ಮತ್ತೆ ಜೋಡಿಸಬಲ್ಲ, ಅದಕ್ಕೆ ಮೆಕ್ಯಾನಿಕ್ಕೇ ಆಗಬೇಕೆಂದಿಲ್ಲ ಎಂದು ನಾನು ಊಟದ ಮೇಜಿನ ಮುಂದೆ ಘಂಟಾಘೋಷವಾಗಿ ಸಾರಿದೆ! ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಒಬ್ಬಳೇ. ಅವಳೂ ತಲೆ ಎತ್ತಲಿಲ್ಲ. ಸಂದರ್ಶನಕ್ಕೆ ಓದಿಕೊಳ್ಳುತ್ತಿದ್ದಳು.

ನನ್ನ ಹತ್ತಿರ ಒಂದು ಹಳೇ ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಉದ್ದ ಮೂತಿ, ಕೆಂಪು ಬಣ್ಣ. ನಾನು ಪ್ರೀತಿಯಿಂದ ಕೆಂಪಿ ಅನ್ನುತ್ತೇನೆ, ಹೆಂಡತಿ ಸವತಿ ಅನ್ನುತ್ತಾಳೆ. ವಯಸ್ಸಾಗುತ್ತಾ ಆಗುತ್ತಾ ಕೆಂಪಿಗೆ ಮಂಡಿ ಸವೆದಿತ್ತು. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಜಿನುಗುತ್ತಿತ್ತು. ಸ್ಪ್ರಿಂಗುಗಳು ಹೆಸರಿಗೆ ಮಾತ್ರ ಸ್ಪ್ರಿಂಗುಗಳು. ಬ್ರೇಕ್ ಹಾಕಿದರೆ ಮೂತಿ ನೆಲ ಮೂಸುತ್ತಿತ್ತು, ತಿರುವಿನಲ್ಲಿ ಮೈಯೆಲ್ಲ ಒಂದೇ ಕಡೆ ವಾಲುತ್ತಿತ್ತು. ಇನ್ನು ತಡೆಯಲಾರೆ ಎಂದು ನಾಲ್ಕೂ ಚಕ್ರಕ್ಕೆ ಹೊಸ ಶಾಕ್ ಅಬ್ಸಾರ್ಬರು, ಹೊಸ ಸ್ಪ್ರಿಂಗು ತಂದೆ. ಅದೂ ಎಂಥದು? ರೇಸಿಗೆ ಹೋಗುವವರು ಹಾಕಿಸುವ ಗಿಡ್ಡ, ಗಟ್ಟಿ ಸ್ಪ್ರಿಂಗು! ಇದು ಹಾಕಿದರೆ ಗಾಡಿ ನೆಲಕ್ಕೆ ಇಳಿಯುತ್ತೆ, ನಿಮ್ಮ ರಸ್ತೆಯಲ್ಲಿ ಹಂಪ್ ಇದೆಯಾ ಎಂದು ಅಂಗಡಿಯವರು ಕೇಳಿದರು. ಒಂದೂ ಇಲ್ಲ ಅಂದೆ. ಸತ್ಯವನ್ನೇ ಹೇಳಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಜಾಕ್ ಹಾಕಿ, ಮೂರು ರಜಾದಿನ ಅಂಗಾತ ಮಲಗಿ ಕೆಲಸ ಮುಗಿಸಿದೆ. ಜಾಕ್ ಇಳಿಸಿದಾಗ ಕೆಂಪಿ ಮೆಲ್ಲಗೆ, ಬಲು ಮೆಲ್ಲಗೆ, ನೆಲದ ಹತ್ತಿರಕ್ಕೆ ಬಂದು ಕೂತಳು. ಆಹಾ, ಏನು ಠೀವಿ! ಅಡಿಯಲ್ಲಿ ನನ್ನ ಚಪ್ಪಲಿಯೂ ತೂರುತ್ತಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳೋಣವೆಂದರೆ ಕೈಯೆಲ್ಲ ಗ್ರೀಸು.

ಮರುದಿನ ಬೆಳಿಗ್ಗೆಯೇ ಹೆಂಡತಿಯ ಸಂದರ್ಶನ. ಅವಳು ಗಣಿತದ ಟೀಚರು. ಊರಿನ ದೊಡ್ಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಬೇಕೆನ್ನುವುದು ಅವಳ ಬಹುದಿನದ ಆಸೆ. ಹಿಂದೆ ಎರಡು ಸಲ ಆ ಕುರ್ಚಿ ಕೈಗೆ ಬಂದಂತೆ ಮಾಡಿ ಜಾರಿಹೋಗಿತ್ತು. ಈ ಸಲ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎಂದಳು. ನಾನು ಬಿಡಬೇಕಲ್ಲ! ಆಗಲಿರುವ ಮುಖ್ಯೋಪಾಧ್ಯಾಯಿನಿ ಬಾಡಿಗೆ ಗಾಡಿಯಲ್ಲಿ ಇಳಿಯುವುದೇ? ಗಂಡ ಸತ್ತುಹೋಗಿದ್ದಾನೆಯೇ?

"ಆ ಥರ ಮಾತಾಡ್ಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ," ಎಂದು ಗದರಿ, ಬಂದು ಕೂತಳು. ಅವಳು ಜೀವನದಲ್ಲಿ ಮಾಡಿದ ತಪ್ಪುಗಳಲ್ಲಿ ಇದಕ್ಕೆ ಎರಡನೇ ಸ್ಥಾನ.

ಬೇಸ್‌ಮೆಂಟಿನಿಂದ ಮೇಲಕ್ಕೆ ಬರಲು ಇರುವುದು ಒಂದೇ ಇಳಿಜಾರು ದಾರಿ. ಎರಡೂ ಕಡೆ ಗೋಡೆ. ಮೇಲೆ ಹತ್ತಿದ ಕೂಡಲೇ ದಾರಿ ಥಟ್ಟನೆ ಮಟ್ಟಸವಾಗುತ್ತದೆ. ಕೆಂಪಿ ಗುಟುರು ಹಾಕುತ್ತಾ ಹತ್ತಿದಳು. ಮುಂದಿನ ಚಕ್ರ ಆಚೆ ಹೋಯಿತು. ಆಮೇಲೆ ಹೊಟ್ಟೆಯ ಕೆಳಗೆ ಕರ್ರ್ ಎಂದು ಒಂದು ಸದ್ದು! ನನ್ನ ಹಲ್ಲಿನ ಬೇರಿನವರೆಗೂ ಕೇಳಿಸಿತು. ಗಾಡಿ ನಿಂತಿತು. ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ನೆಲಕ್ಕೆ ತಾಗಿಯೂ ತಾಗದಂತೆ ಗಿರಗಿರನೆ ತಿರುಗಿದವು, ನಾವು ಮಾತ್ರ ಅಲ್ಲೇ. ಕೆಂಪಿ ಇಳಿಜಾರು ಮುಗಿಯುವ ಏಣಿನ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿದ್ದಳು!

ಇಳಿದು ನೋಡೋಣವೆಂದರೆ ಬಾಗಿಲು ಗೋಡೆಗೆ ಬಡಿಯಿತು. ಅವಳ ಕಡೆಯದೂ ಅಷ್ಟೇ. ಸ್ಪೋರ್ಟ್ಸ್ ಕಾರಿನ ಬಾಗಿಲು ಭಾರಿ ಉದ್ದ ನೋಡಿ, ಸಂದಿನಲ್ಲಿ ಅಂಗೈ ತೂರಿದರೆ ಹೆಚ್ಚು.

"ಏನಾಯ್ತು?" ಎಂದಳು.

"ಏನಿಲ್ಲ. ಸ್ಪ್ರಿಂಗು ಸ್ವಲ್ಪ ಹೊಂದ್ಕೋಬೇಕು."

"ಎಷ್ಟು ಹೊತ್ತಿಗೆ ಹೊಂದ್ಕೊಳ್ಳುತ್ತಂತೆ? ಹತ್ತಕ್ಕೆ ಸಂದರ್ಶನ ಇದೆ."

ಅಷ್ಟರಲ್ಲಿ ಹಿಂದೆ ಹಾರನ್ನುಗಳ ಕಚೇರಿ ಶುರುವಾಗಿತ್ತು. ಆಫೀಸಿಗೆ ಹೊರಟವರೆಲ್ಲ ನಮ್ಮ ಬಾಲದ ಹಿಂದೆ ಸಾಲುಗಟ್ಟಿದ್ದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಟವೆಲ್ ಹೆಗಲಿಗೆ ಹಾಕಿಕೊಂಡೇ ಓಡಿ ಬಂದರು. ಹಲ್ಲಿನ ಡಾಕ್ಟರು ಬಂದರು. ಕಾರ್ಯದರ್ಶಿಯವರ ಮನೆಗೆ ಹಿಂದಿನ ದಿನ ಬಂದಿದ್ದ ನೆಂಟರೊಬ್ಬರು, ಬಿಳೀ ಶರ್ಟು, ನೀಲಿ ಟೈ, ತಮ್ಮ ಕಾರಿನಿಂದಿಳಿದು ಕೈಗಡಿಯಾರ ನೋಡಿಕೊಳ್ಳುತ್ತಾ ನಿಂತರು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಗಿಡ್ಡ ಸ್ಪ್ರಿಂಗಿನ ಲಾಭಗಳನ್ನು ವಿವರಿಸತೊಡಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರು ಕ್ರೇನ್ ಅಂದರು, ಇನ್ನೊಬ್ಬರು ಪೊಲೀಸ್ ಅಂದರು. ಎಲ್ಲರೂ ಒಟ್ಟಿಗೇ ಮಾತಾಡಿದರು.

ಆಗ ನನ್ನ ಹೆಂಡತಿ ಆ ಕಡೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ತರಗತಿಯಲ್ಲಿ ಬಳಸುವ ಆ ದನಿಯನ್ನು ನಾನು ಮನೆಯಲ್ಲಿ ಕೇಳಿದ್ದೆ, ಬಯಲಿನಲ್ಲಿ ಕೇಳಿರಲಿಲ್ಲ.

"ಮಾತು ಸಾಕು. ಎಲ್ಲರೂ ಗಾಡಿ ಹಿಂದೆ ಬನ್ನಿ. ಬಂಪರ್ ಹಿಡ್ಕೊಳ್ಳಿ."

ಜಾದೂ ಮಾಡಿದ ಹಾಗೆ ಎಲ್ಲರೂ ಬಂದು ಬಗ್ಗಿದರು. ಟೈಯವರು ಮಾತ್ರ ಕೈಕಟ್ಟಿ ನಿಂತಿದ್ದರು.

"ನೀಲಿ ಟೈ, ನಿಮಗೆ ಬೇರೆ ಹೇಳ್ಬೇಕಾ? ಬಗ್ಗಿ."

ಪಾಪ, ಬಗ್ಗಿದರು. ಎಲ್ಲರೂ ಎತ್ತಿ ನೂಕಲಿ, ನಾನು ಹೇಳುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ ಎಂದು ನನಗೆ ಎರಡೆರಡು ಸಲ ಹೇಳಿದಳು. ಅದನ್ನು ನನಗೆ ಹೇಳಿಕೊಡಬೇಕೇ? ಈ ಗಾಡಿಯ ಒಂದೊಂದು ಬೋಲ್ಟನ್ನೂ ಬಲ್ಲವನು ನಾನು! ಅವರು ಎತ್ತಿದ್ದೇ ತಡ, ಇದೇ ಸುಸಮಯವೆಂದು ತೋರಿ ಪೂರಾ ಒತ್ತಿಬಿಟ್ಟೆ. ಕೆಂಪಿ ಭರ‍್ರೆಂದು ಅರಚಿದಳು. ಸೈಲೆನ್ಸರಿನಿಂದ ಬಹುಕಾಲದ ಮಸಿಯೆಲ್ಲ ಒಂದೇ ಉಸಿರಿಗೆ ಹೊರಬಂತು. ಗಾಡಿಯೇನೋ ಏಣು ದಾಟಿ ಹಾರಿತು. ಕನ್ನಡಿಯಲ್ಲಿ ನೋಡಿದರೆ, ಬಿಳೀ ಶರ್ಟಿನವರ ಶರ್ಟು ಬಿಳಿ ಇರಲಿಲ್ಲ. ಮುಖದಲ್ಲಿ ಕಣ್ಣೆರಡೇ ಕಾಣುತ್ತಿದ್ದವು.

ನಿಂತು ಕ್ಷಮೆ ಕೇಳೋಣ ಎಂದಳು ಹೆಂಡತಿ. ತಡವಾಗುತ್ತೆ ಎಂದು ನಾನು ಹೊರಟೇಬಿಟ್ಟೆ. ಮೊದಲನೇ ತಿರುವಿನಲ್ಲಿ ಕನ್ನಡಿ ನೋಡುತ್ತೇನೆ, ಅವರ ಕಾರು ನಮ್ಮ ಹಿಂದೆಯೇ ಬರುತ್ತಿದೆ! ಮನುಷ್ಯ ಜಗಳಕ್ಕೇ ಬರುತ್ತಿದ್ದಾನೆ ಎಂದು ಖಾತ್ರಿಯಾಯಿತು. ಎಡಕ್ಕೆ ತಿರುಗಿದೆ, ಎಡಕ್ಕೇ ಬಂದರು. ಬಲಕ್ಕೆ ತಿರುಗಿದೆ, ಬಲಕ್ಕೂ ಬಂದರು. ವೇಗ ಹೆಚ್ಚಿಸಿದೆ. ಆಗ ತಿಳಿಯಿತು ನೋಡಿ, ಗಟ್ಟಿ ಸ್ಪ್ರಿಂಗು ಅಂದರೆ ಏನೆಂದು! ರಸ್ತೆಯಲ್ಲಿ ಬಿದ್ದಿದ್ದ ಪ್ರತಿ ಕಡ್ಡಿಯ ಪರಿಚಯವೂ ನೇರ ಬೆನ್ನುಮೂಳೆಗೆ ಆಗುತ್ತಿತ್ತು. ಹೆಂಡತಿಯ ತಲೆ ಚಾವಣಿಗೆ ಬಡಿದು, ಒಂದು ಗಂಟೆ ಬಾಚಿದ ಕೂದಲು ಕೆದರಿ ನಿಂತಿತು. ಅವಳು ಎರಡೂ ಕೈಯಲ್ಲಿ ಸೀಟು ಹಿಡಿದು ಮುಂದೆಯೇ ನೋಡುತ್ತಿದ್ದಳು. ಬೈದಿದ್ದರೆ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು.

ಶಾಲೆಯ ಗೇಟಿನೊಳಗೆ ನುಗ್ಗಿ ನಿಲ್ಲಿಸಿದೆ. ಆ ಕಾರೂ ಒಳಗೆ ಬಂತು. ನಾನು ಕಿಟಕಿ ಏರಿಸಿ, ಬಾಗಿಲಿನ ಲಾಕ್ ಒತ್ತಿ, ಸೀಟಿನಲ್ಲಿ ಕುಗ್ಗಿದೆ. ಆದರೆ ಅವರು ನಮ್ಮತ್ತ ಬರಲಿಲ್ಲ. ಕಾವಲಿನವನು ಓಡಿ ಹೋಗಿ ಅವರ ಕಾರಿನ ಬಾಗಿಲು ತೆರೆದು, ಸೆಲ್ಯೂಟ್ ಹೊಡೆದು, "ಅಧ್ಯಕ್ಷರೇ, ಸಮಿತಿಯವರು ಸಂದರ್ಶನಕ್ಕೆ ಕಾಯ್ತಿದ್ದಾರೆ, ಇದೇನು ಸರ್ ಮುಖ ಹೀಗಾಗಿದೆ?" ಎಂದ.

ಅಧ್ಯಕ್ಷರು! ಆಯ್ಕೆ ಸಮಿತಿಯ ಅಧ್ಯಕ್ಷರು! ಹೆಂಡತಿಯ ಮುಖ ಗೋಡೆಯ ಸುಣ್ಣದಂತೆ ಬೆಳ್ಳಗಾಯಿತು. ಕೂದಲನ್ನು ಕೈಯಲ್ಲೇ ಒತ್ತಿಕೊಂಡು ಇಳಿದಳು. ಕಣ್ಣಲ್ಲಿ ನೀರಿತ್ತು. "ಮೂರನೇ ಸಲ," ಎಂದಳು, ಅಷ್ಟೇ. ಬಾಗಿಲನ್ನು ಬಹಳ ಮೆದುವಾಗಿ ಹಾಕಿದಳು.

ನಾನು ಬೇವಿನ ಮರದ ಕೆಳಗೆ ಕಾದು ಕೂತೆ. ಎಂಥಾ ಪಾಪಿ ನಾನು! ಮೂರು ದಿನ ನೆಲಕ್ಕೆ ಬೆನ್ನು ಹಚ್ಚಿ ಮಾಡಿದ್ದು ಹೆಂಡತಿಯ ಬಾಳಿಗೆ ಅಡ್ಡ ಬೀಳುವ ಕೆಲಸವನ್ನು. ಇವತ್ತೇ ಹಳೇ ಸ್ಪ್ರಿಂಗು ವಾಪಸ್ ಹಾಕುತ್ತೇನೆ, ಬೇಡ, ಗಾಡಿಯನ್ನೇ ಮಾರುತ್ತೇನೆ ಎಂದುಕೊಂಡೆ. ಒಳಗೆ ಹೋಗಿ ಅಧ್ಯಕ್ಷರ ಕಾಲು ಹಿಡಿಯೋಣವೇ ಅನ್ನಿಸಿತು. ನನ್ನ ಮುಖ ಕಂಡರೆ ಸಿಗುವುದೂ ತಪ್ಪೀತು ಎಂದು ಸುಮ್ಮನಾದೆ.

ಮಧ್ಯಾಹ್ನದ ಹೊತ್ತಿಗೆ ಬಂದಳು. ಗಾಡಿ ಹತ್ತಲಿಲ್ಲ. ಕಿಟಕಿಗೆ ಬಗ್ಗಿ ನಿಂತಳು.

"ಸಿಕ್ತು."

"ಏನು?"

"ಕೆಲಸ."

ತಕ್ಷಣ ಹೊರಬಿದ್ದದ್ದು ನನ್ನ ಹಳೇ ಚಾಳಿಯೇ. "ನೋಡಿದ್ಯಾ? ನನ್ನ ಸ್ಪ್ರಿಂಗು ಇಲ್ದಿದ್ರೆ ಅವರು ನಿನ್ನ ತಾಕತ್ತು ನೋಡ್ತಿದ್ರಾ?"

"ಹೌದು, ಅವರು ಕೇಳಿದ್ದೂ ಬೆಳಗಿನ ವಿಷಯಾನೇ. ಗಾಡಿ ಓಡಿಸ್ತಿದ್ದೋರು ನಿಮಗೆ ಏನಾಗ್ಬೇಕು ಅಂತ ಕೇಳಿದ್ರು. ನಾಚಿಕೆಯಾಗಿ ಡ್ರೈವರ್ ಅಂದುಬಿಟ್ಟೆ."

"ಡ್ರೈವರಾ! ನಂಬಿದ್ರಾ?"

"ಇಲ್ಲ ರೀ. ಡ್ರೈವರಾಗಿದ್ರೆ ನೀವು ಹೇಳಿದ ಮಾತು ಕೇಳ್ತಿದ್ದ, ಇವರು ನಿಮ್ಮ ಯಜಮಾನ್ರೇ ಇರ್ಬೇಕು ಅಂದ್ರು. ಒಪ್ಕೊಂಡೆ. ಇವರನ್ನ ಇಷ್ಟು ವರ್ಷ ಸಂಭಾಳಿಸಿದ್ದೀರಾ ಅಂದ್ರೆ ನಮ್ಮ ಎಂಟುನೂರು ಮಕ್ಕಳು ನಿಮಗೆ ಯಾವ ಲೆಕ್ಕ ತಾಯಿ, ಬೇರೆ ಪ್ರಶ್ನೆ ಏನೂ ಇಲ್ಲ, ನಾಳೆಯಿಂದಲೇ ಬನ್ನಿ ಅಂದ್ರು."