ಮನೆಗಾಡಿಗೆ ಬಚ್ಚಲುಮನೆಯ ಗಾಜು ಕೂರಿಸಿದವರಿಗೆ

ಮಾನ್ಯರೇ,

ಊರಿನ ಅರ್ಧ ಬಚ್ಚಲುಮನೆಗಳ ಮಾನ ಕಾಪಾಡಿರುವ ತಮ್ಮ ಕಿಟಕಿ ಕಾರ್ಖಾನೆಗೆ ನಮ್ಮ ಮನೆಮಂದಿಯ ಸವಿನಯ ವಂದನೆಗಳು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ನನ್ನ ಮಾವನವರ ಹಳೆಯ ಮನೆಗಾಡಿಗೆ ತಾವು ಮಾಡಿಕೊಟ್ಟ ಆರು ಕಿಟಕಿಗಳ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ.

ಐವತ್ತು ವರ್ಷದ ಆ ಗಾಡಿಯಲ್ಲಿ ಒಂದು ಕಿಟಕಿಯಂತೆ ಇನ್ನೊಂದಿಲ್ಲ, ಮೂಲೆಗಳೆಲ್ಲ ದುಂಡು, ಇದು ನಮ್ಮಿಂದಾಗದು ಎಂದು ಮೂವರು ಅಂಗಡಿಯವರು ಕೈಚೆಲ್ಲಿದ ಮೇಲೆ, ತಾವೊಬ್ಬರೇ ಒಂದೊಂದು ಕಿಂಡಿಗೂ ರಟ್ಟು ಒತ್ತಿ ಅಚ್ಚು ಕತ್ತರಿಸಿಕೊಂಡು, ಅಲ್ಯೂಮಿನಿಯಂ ಪಟ್ಟಿಯನ್ನು ಮೂಲೆಗೆ ತಕ್ಕಂತೆ ಬಗ್ಗಿಸಿ, ಸುತ್ತ ರಬ್ಬರು ಕೂರಿಸಿ, ಹನಿ ನೀರೂ ನುಸುಳದ ಹಾಗೆ ಮಾಡಿದಿರಿ. ಆಚೆಯದು ಮಾತ್ರ ಏನೂ ಕಾಣುವುದಿಲ್ಲ. ಏಕೆಂದರೆ ಮೂವತ್ತು ವರ್ಷ ಬಚ್ಚಲುಮನೆಗಳಿಗೇ ಗಾಜು ಕೊಯ್ದ ತಮ್ಮ ಕೈ, ರೂಢಿಯಂತೆ, ಆರಕ್ಕೂ ಮಬ್ಬು ಗಾಜನ್ನೇ ಎತ್ತಿಕೊಂಡಿದೆ. ಬೆಟ್ಟಗುಡ್ಡಗಳ ಕಣ್ಣಿಗೆ ಬೀಳದೆ ಮಾನವಾಗಿ ಪ್ರಯಾಣ ಮಾಡುವ ಈ ಏರ್ಪಾಡಿಗೆ ನಾವು ಚಿರಋಣಿಗಳು.

ತಾವು ಕಿಟಕಿ ಕೂರಿಸಿದ ದಿನ ನಾವೆಲ್ಲ ಆಸ್ಪತ್ರೆಯಲ್ಲಿದ್ದೆವು. ಮಾವನವರಿಗೆ ಉಳಿದಿರುವುದು ಒಂದೇ ಕಣ್ಣು, ಅದರ ಪೊರೆ ತೆಗೆಸಿದ್ದೆವು. ಮರುದಿನ ಕಟ್ಟು ಬಿಚ್ಚುವುದಾದರೆ ಗಾಡಿಯ ಕಿಟಕಿಯ ಪಕ್ಕದಲ್ಲೇ ಬಿಚ್ಚಬೇಕು, ಮೊದಲು ಕಾಣುವುದು ರಸ್ತೆಯೇ ಆಗಬೇಕು ಎಂದು ಅವರು ಹಟ ಹಿಡಿದರು. ನನ್ನ ಹೆಂಡತಿ ಬಿಚ್ಚಿದಳು. ಅವರು ಕಿಟಕಿಯತ್ತ ತುಂಬ ಹೊತ್ತು ನೋಡಿ, ಮಗಳ ಮನಸ್ಸು ನೋಯಬಾರದೆಂದು, "ಚೆನ್ನಾಗಿ ಕಾಣ್ತಿದೆ ಮಗಳೇ, ರಸ್ತೆ, ಮರ, ಎಲ್ಲಾ" ಎಂದರು. ಅವಳು ಸಂತೋಷದಿಂದ ತಿರುಗಿ ನೋಡಿದರೆ ರಸ್ತೆಯೂ ಇಲ್ಲ, ಮರವೂ ಇಲ್ಲ. ಅವಳು ಓಡಿಹೋಗಿ ಗಾಡಿಯ ಬಾಗಿಲು ತೆರೆದ ಮೇಲೆಯೇ ಅವರು ನಿಜವಾದ ರಸ್ತೆಯನ್ನು ಕಂಡದ್ದು.

ಬರುವ ವಾರ ಅವರನ್ನು ಸಮುದ್ರ ತೋರಿಸಲು ಕರೆದೊಯ್ಯಬೇಕು. ಆದ್ದರಿಂದ, ಅದೇ ಅಚ್ಚುಗಳನ್ನಿಟ್ಟು ತಿಳಿಗಾಜು ಕೊಯ್ದು ಕೊಡಬೇಕಾಗಿ ಪ್ರಾರ್ಥನೆ. ಅದು ತಮ್ಮ ಕೈಗೆ ಒಗ್ಗದಿದ್ದರೆ, ಸಮುದ್ರವೇ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುವಂತೆ ಸಂಬಂಧಪಟ್ಟವರಿಗೆ ಒಂದು ಮಾತು ಹೇಳಿದರೂ ಸಾಕು, ನೆರಳಾದರೂ ಕಂಡೀತು.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮನೆಗಾಡಿ ಯಜಮಾನರ ಅಳಿಯ

ತಾ.ಕ.: ತಮ್ಮನ್ನು ಬಯ್ಯಕೂಡದೆಂದು ಮಾವನವರ ಕಟ್ಟಪ್ಪಣೆಯಾಗಿದೆ. ಕೆಟ್ಟಿರುವುದು ಕಣ್ಣಲ್ಲ, ಗಾಜು ಎಂದು ತಿಳಿದಾಗ ಆದಷ್ಟು ಸಂತೋಷ ಅವರಿಗೆ ಜನ್ಮದಲ್ಲೇ ಆಗಿರಲಿಲ್ಲವಂತೆ. ಹೊಸ ಗಾಜು ಕೂರಿಸಲು ಮಾತ್ರ ಬೇರೆ ಯಾರನ್ನೂ ಕಳಿಸದೆ ತಾವೇ ಖುದ್ದಾಗಿ ಬರಬೇಕಂತೆ. ಸಮುದ್ರಕ್ಕಿಂತ ಮೊದಲು ಅವರಿಗೆ ತಮ್ಮ ಮುಖವನ್ನು ಸ್ಪಷ್ಟವಾಗಿ ನೋಡಬೇಕಾಗಿದೆ.