ಕುಂಕುಮ ಹಚ್ಚಿಸಿಕೊಂಡ ಲಸಿಕೆ

“ಔಷಧ ಸುಳ್ಳಿದ್ರ ಅದು ತಾನಾಗೇ ಹೇಳೂದಿಲ್ರಿ ಅಕ್ಕಾರ, ರೋಗಾನ ಬಂದು ಹೇಳತೈತಿ.” ಈ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಕಂಪೌಂಡರ್ ಕಾಕಾ. ಹುಬ್ಬಳ್ಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಲಸಿಕೆ ಫ್ರಿಜ್ಜಿನ ಕೀಲಿ ನನ್ನ ಬಳಿ. ನನ್ನ ಮೇಲೆ ಕಣ್ಣಿಡುವ ಕೆಲಸ, ಯಾರೂ ಹೇಳದಿದ್ದರೂ, ಕಾಕಾನದು. ನಗಬಾರದ ಜಾಗ ಅದು. ಆದರೂ ಅಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಮೊಬೈಲಿನ ಪರೀಕ್ಷೆ

ಎಲ್ಲೋ ನಾಯಿ ಕಡಿತದ ಲಸಿಕೆಯೇ ನಕಲಿ ಬಂದಿದೆಯೆಂದು ಸುದ್ದಿಯಾಯಿತು. ನಮ್ಮ ಡಾಕ್ಟರು ಕಟ್ಟಪ್ಪಣೆ ಹೊರಡಿಸಿದರು: ಡಬ್ಬಿಯ ಮೇಲಿನ ಕ್ಯೂಆರ್ ಕೋಡಿನ ಕಪ್ಪು ಚೌಕವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬೇಕು, ಕಂಪನಿ, ಬ್ಯಾಚು, ತಾರೀಖು ಎಲ್ಲ ತಾಳೆಯಾಗಬೇಕು, ಇಲ್ಲದಿದ್ದರೆ ಸೂಜಿ ಇಲ್ಲ.

ಕಾಕಾಗೆ ನಂಬಿಕೆ ಬರಲಿಲ್ಲ. “ಲೇಬಲ್ ನೋಡಿ ಹೇಳೂದರಾಗ ನನ್ನ ಕೂದಲಾ ಬೆಳ್ಳಗಾಗ್ಯಾವ. ಇದಕ್ಕೇನ್ ತಿಳೀತೈತಿ?” ಎಂದವರೇ ಮೊಬೈಲನ್ನೇ ಪರೀಕ್ಷೆಗೆ ಹಚ್ಚಿದರು. ಎದುರಿನ ಚಹಾದಂಗಡಿಗೆ ಹೋಗಿ, ದುಡ್ಡು ಕಟ್ಟಲೆಂದು ಗೋಡೆಗೆ ಅಂಟಿಸಿದ್ದ ಚೌಕಕ್ಕೆ ಹಿಡಿದರು. ‘ಈ ವಸ್ತು ದಾಖಲೆಯಲ್ಲಿಲ್ಲ’ ಎಂದು ಬಂತು.

ಕಾಕಾ ಖುಷಿಯಿಂದ ಮರಳಿದರು. “ಛಲೋ ಐತ್ರಿ ಇದು! ಅವನ ಚಹಾ ಖರೇ ಚಹಾ ಅಲ್ಲಂತ ನಾ ಮೊದಲಿಂದ ಹೇಳಾಕತ್ತೇನಿ.”

೨. ವಿಚಾರಣೆ

ಶಿರಗುಪ್ಪಿಯಿಂದ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆತಂದಳು. ಹುಡುಗಿಯ ಕಾಲಿಗೆ ಬೀದಿನಾಯಿ ಕಚ್ಚಿತ್ತು. ಅಂದು ಎರಡನೆಯ ಸೂಜಿ. ಹುಚ್ಚುನಾಯಿ ರೋಗ ಒಮ್ಮೆ ಬಂದರೆ ಔಷಧವಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ನಾನು ಸ್ಕ್ಯಾನ್ ಮಾಡುವಾಗ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಯಾವ ಊರಾಗ ತಯಾರಾಗೇತ್ರಿ? ಯಾವಾಗ? ಇಲ್ಲಿಗೆ ತಂದವ್ರು ಯಾರು?”

ಎಲ್ಲ ಓದಿ ಹೇಳಿದೆ. ಆಕೆ ನಿಟ್ಟುಸಿರಿಟ್ಟಳು. “ನನ್ನ ಲಗ್ನದಾಗ ನಮ್ಮಪ್ಪ ಇಷ್ಟು ವಿಚಾರ ಮಾಡಿದ್ರ ಛಲೋ ಆಗ್ತಿತ್ರಿ.”

೩. ಖಂಡೇನವಮಿಯ ಮರುದಿನ

ಮೂರನೆಯ ಸೂಜಿಗೆ ಆ ತಾಯಿ-ಮಗಳು ಬಂದದ್ದು ಖಂಡೇನವಮಿಯ ಮರುದಿನ. ಹಿಂದಿನ ದಿನ ಕಾಕಾ ಆಯುಧಪೂಜೆಯೆಂದು ಕತ್ತರಿ, ತಕ್ಕಡಿ, ಫ್ರಿಜ್ಜು ಎಲ್ಲದಕ್ಕೂ ಪೂಜೆ ಮಾಡಿದ್ದರು. ಕೀಲಿ ಕೊಟ್ಟವಳು ನಾನೇ. ಈಗ ಬಾಗಿಲು ತೆರೆದರೆ ಒಳಗಿನ ಏಳೂ ಡಬ್ಬಿಗಳಿಗೆ ಒದ್ದೆ ಕುಂಕುಮ, ಸರಿಯಾಗಿ ಚೌಕದ ಮೇಲೆ.

“ಕಾಕಾ, ಇದೇನ್ರಿ?”

“ರಂಗೋಲಿ ಹಾಕಿಧಂಗ ಇತ್ತಲ್ರಿ... ಪೂಜಿಗೇ ಜಾಗಾ ಬಿಟ್ಟಾರಂತ ತಿಳಕೊಂಡೆ.”

ಒರೆಸಿದೆವು. ಕುಂಕುಮದ ಜೊತೆ ಶಾಯಿಯೂ ಬಂತು. ಮೊಬೈಲು ಒಂದನ್ನೂ ಓದಲಿಲ್ಲ. ಡಬ್ಬಿಗಳು ಬಂದ ದಿನ ಎಣಿಸಿಟ್ಟವಳು ನಾನು. ಅಸಲಿ ಎಂದು ನನಗೆ ಗೊತ್ತು. ಹುಡುಗಿ ಆಗಲೇ ತೋಳು ಮೇಲೇರಿಸಿ ಕೂತಿದ್ದಳು. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕೈ ಡಬ್ಬಿಯ ಕಡೆ ಹೋಯಿತು.

ತಡೆದವರು ಕಾಕಾ. “ಬ್ಯಾಡ್ರಿ ಅಕ್ಕಾರ. ನಮಗ ಗೊತ್ತೈತಿ, ಖರೇ. ನಕಲಿ ಮಾರೂವವನೂ ಹಿಂಗ ಅಂತಾನ.”

ಧಾರವಾಡದ ನಮ್ಮ ಶಾಖೆಗೆ ಫೋನು ಮಾಡಿದೆ. ಕಾಕಾ ತಾವೇ ಬಸ್ಸು ಹತ್ತಿ ಹೋಗಿ, ಬರ್ಫದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದರು. ಎರಡೂವರೆ ತಾಸು. ಅಷ್ಟು ಹೊತ್ತು ತಾಯಿ ಬೆಂಚು ಬಿಟ್ಟು ಏಳಲಿಲ್ಲ; ನನಗೂ ಕುಳಿತುಕೊಳ್ಳಲಾಗಲಿಲ್ಲ. ಹೊಸ ಡಬ್ಬಿ ಸ್ಕ್ಯಾನ್ ಆಯಿತು, ಎಲ್ಲ ತಾಳೆಯಾಯಿತು, ಸೂಜಿಯೂ ಆಯಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಕಾಗೆ ತಡೆಯಲಾಗಲಿಲ್ಲ. ಪೂಜೆಯ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು ಹುಡುಗಿಯ ಹಣೆಯತ್ತ ಕೈ ಚಾಚಿದರು. ಅವಳು ಎರಡೂ ಕೈಯಿಂದ ಹಣೆ ಮುಚ್ಚಿಕೊಂಡು ಚೀರಿದಳು:

“ಬ್ಯಾಡೋ ಕಾಕಾ! ಹಚ್ಚಿದ್ರ ನಾ ಸ್ಕ್ಯಾನ್ ಆಗೂದಿಲ್ಲ!”

ನೀವೂ ನಿಮ್ಮ ಓಣಿಯ ಔಷಧದಂಗಡಿಯವರಿಗೆ, ದವಾಖಾನೆಯ ಕಾಕಾಗಳಿಗೆ ಇದನ್ನು ಹೇಳಿಬಿಡಿ. ಪೂಜಿ ಮಾಡ್ರಿ, ಬ್ಯಾಡನ್ನೂದಿಲ್ಲ. ಆದ್ರ ಫ್ರಿಜ್ಜಿನ ಬಾಗಲಾ ಹಾಕಿ ಮಾಡ್ರಿ.